ಹಳೆಯ ಅರ್ಧ

ಮಾರ್ಚ್ ೩, ಸೋಮವಾರ

ಇಂದು ಮನೆಯಲ್ಲಿ ನೆರೆದಿದ್ದವರ ಮುಂದೆ ಎದ್ದುನಿಂತು ಆಡಿದ ಮಾತನ್ನು, ಆಡಿದ ಹಾಗೆಯೇ ಇಲ್ಲಿ ಬರೆದಿಡುತ್ತೇನೆ.

"ಬಂದ ಎಲ್ಲರಿಗೂ ಕೃತಜ್ಞತೆಗಳು. ಕೆಲಸ ಬಿಟ್ಟು ಬಂದಿದ್ದೀರಿ, ದೂರದಿಂದ ಬಂದಿದ್ದೀರಿ, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿದ್ದೀರಿ. ಅದನ್ನು ಮರೆಯುವುದಿಲ್ಲ. ಆದರೆ ನಿಮ್ಮ ಅನುಕಂಪವನ್ನು ನಾನು ಸ್ವೀಕರಿಸಲಾರೆ. ನನ್ನ ಮಗಳು ತೀರಿಕೊಂಡಿದ್ದಾಳೆ ಎಂಬುದು ಸಂಗತಿ. ಸಂಗತಿಗೆ ಪರ-ವಿರೋಧಗಳಿಲ್ಲ, ಆದ್ದರಿಂದ ಚರ್ಚೆಯೂ ಇಲ್ಲ. ಅವಳು ಎಷ್ಟು ಒಳ್ಳೆಯವಳೆಂದು ನನಗೆ ತಿಳಿಸುವ ಶ್ರಮ ಬೇಡ. ಚಹಾ ಇದೆ. ಕುಡಿದು ಹೊರಡಿ."

ಯಾರೂ ಚಹಾ ಮುಟ್ಟಲಿಲ್ಲ. ಹೆಂಡತಿಯ ತಮ್ಮ ನನ್ನ ತೋಳು ಹಿಡಿದು ಬಾಲ್ಕನಿಗೆ ಕರೆದೊಯ್ದ.

"ಭಾವ, ಇದೇನು ಕಾಲೇಜಿನ ಚರ್ಚಾಕೂಟಾನಾ? ಗಂಟೆ ಹೊಡೆಯೋರು ಯಾರೂ ಇಲ್ಲ ಇಲ್ಲಿ. ಸ್ವಲ್ಪ ಅತ್ತುಬಿಡಿ."

"ಅತ್ತರೆ ಏನು ಸಾಬೀತಾಗುತ್ತೆ?"

"ನಿಮ್ಮ ಜೊತೆ ಮಾತಾಡೋದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳೋದೂ ಒಂದೇ," ಎಂದು ಅವನೇ ಅತ್ತ. ಅಷ್ಟು ಹೊತ್ತು ಅವನ ಲೋಟವನ್ನು ನಾನು ಹಿಡಿದುಕೊಂಡಿದ್ದೆ.

ದಾಖಲೆಗಾಗಿ: ಕಳೆದ ತಿಂಗಳು, ತನ್ನ ಅಂಗಡಿಯ ಮೇಜಿನ ಮುಂದೆ ಕುಳಿತಿದ್ದಾಗಲೇ ಅವಳ ಮಿದುಳಿನಲ್ಲಿ ರಕ್ತನಾಳ ಒಡೆಯಿತು. ಆಸ್ಪತ್ರೆ ತಲುಪುವುದರೊಳಗೆ ಎಲ್ಲವೂ ಮುಗಿದಿತ್ತು. ಬೇರೆ ವಿವರಗಳಿಲ್ಲ.

ಮಾರ್ಚ್ ೧೦, ಸೋಮವಾರ

ಅಳಿಯ ಬಂದಿದ್ದ. ಗಡ್ಡ ಬಿಟ್ಟಿದ್ದಾನೆ, ಬಿಟ್ಟಿದ್ದಾನೆ ಎನ್ನುವುದಕ್ಕಿಂತ ಬೋಳಿಸಿಕೊಂಡಿಲ್ಲ ಎನ್ನುವುದು ಸರಿ.

"ಅಂಗಡಿ ಮುಚ್ಚಿಬಿಡ್ತೀನಿ ಮಾವ."

ಕಾರಣ ಕೇಳಿದೆ. ಅಂಗಡಿ ಅವರಿಬ್ಬರದು. ಹಾಸಿಗೆ ಹಿಡಿದವರಿಗೆ, ಕೈಕಾಲಿನ ಶಕ್ತಿ ಕುಂದಿದವರಿಗೆ ಮನೆಯಲ್ಲಿ ಬೇಕಾಗುವ ಸಾಮಾನು: ಊರುಗೋಲು, ಬಚ್ಚಲಿನ ಹಿಡಿಕೆ, ಕೈ ನಡುಗುವವರಿಗೆ ಭಾರದ ಹಿಡಿಯ ಚಮಚ. ವ್ಯಾಪಾರವೆಲ್ಲ ಆನ್‌ಲೈನ್. ಗಿರಾಕಿಯ ಮುಖವನ್ನು ಅಲ್ಲಿ ಯಾರೂ ನೋಡಿದ್ದಿಲ್ಲ.

"ಜನ ಬರ್ತಾರೆ, ಹುಡುಕ್ತಾರೆ, ಸಿಗಲ್ಲ, ಹೋಗ್ತಾರೆ. ಸಾಮಾನು ಶೆಲ್ಫಲ್ಲೇ ಕೂತಿರತ್ತೆ. ಅವಳಿದ್ದಾಗ ದಿನಾ ಬೆಳಿಗ್ಗೆ, ಹಿಂದಿನ ದಿನ ಯಾರ್ಯಾರು ಏನಂತ ಬರೆದು ಹುಡುಕಿದ್ರು ಅಂತ ಓದಿ, ಆ ಮಾತನ್ನೇ ವೆಬ್‌ಸೈಟಲ್ಲಿ ಅದಕ್ಕೆ ತಕ್ಕ ಸಾಮಾನಿಗೆ ಕೈಯಾರೆ ಅಂಟಿಸ್ತಿದ್ಲು. ಮುಂದೆ ಅದೇ ಮಾತು ಹಾಕಿದೋರಿಗೆ ಸಾಮಾನು ಸಿಗೋದು. ಈಗ ಯಾರು ಅಂಟಿಸ್ತಾರೆ?"

"ನೀನು."

"ನನ್ನ ಕೈಲಾಗಲ್ಲ ಮಾವ. ಆ ಪುಟ ತೆರೆದ್ರೆ ಸಾಕು..."

ವಾಕ್ಯವನ್ನು ಮುಗಿಸಲಿಲ್ಲ. ಮುಗಿಯದ ವಾಕ್ಯಕ್ಕೆ ಉತ್ತರ ಕೊಡುವ ಅಭ್ಯಾಸ ನನಗಿಲ್ಲ. ತನ್ನಷ್ಟಕ್ಕೆ ತಾನೇ ಕಲಿಯುವ ಹೊಸ ಹುಡುಕಾಟವೊಂದನ್ನು ಅಂಗಡಿಯ ಎಂಜಿನಿಯರ್ ಕಟ್ಟುತ್ತಿದ್ದಾಳೆಂದೂ ಅದು ಕೈಗೂಡಿದರೆ ಯಾರೂ ಕೂತು ಅಂಟಿಸಬೇಕಾಗಿಲ್ಲವೆಂದೂ ಹೇಳಿದ. ಮೇ ಕೊನೆಯವರೆಗೆ ತಡೆ, ಅಷ್ಟರಲ್ಲಿ ಅದು ಸರಿಹೋಗದಿದ್ದರೆ ಮುಚ್ಚು, ನಾನು ವಿರೋಧಿಸುವುದಿಲ್ಲ ಎಂದೆ.

ಒಳಗಿನ ಕೋಣೆಯಿಂದ ಹೆಂಡತಿ, "ಅವಳ ಅಂಗಡಿ ಮುಚ್ಚಿಸಬೇಡಿ ರೀ," ಎಂದಳು. ದಿನವೆಲ್ಲ ಅವಳಾಡಿದ ಮಾತು ಅದೊಂದೇ.

ಮಾರ್ಚ್ ೧೪, ಶುಕ್ರವಾರ

ಅಂಗಡಿಗೆ ಹೋದೆ. ಟೈರು ಮಾರುವವರ ಮಹಡಿಯ ಮೇಲೆ ಎರಡು ಕೋಣೆ. ಮೆಟ್ಟಿಲವರೆಗೂ ರಬ್ಬರ್ ವಾಸನೆ. ಒಂದರಲ್ಲಿ ಶೆಲ್ಫುಗಳು, ಪಾರ್ಸೆಲ್ ಕಟ್ಟುವವನು ಅಲ್ಲಿರುತ್ತಾನೆ. ಮೊಣಕೈಗೆ ಬಳೆಯಂತೆ ಟೇಪಿನ ಸುರುಳಿ ಏರಿಸಿಕೊಂಡಿರುವ ಕಾರಣ ಎಲ್ಲರೂ ಅವನನ್ನು ಟೇಪಣ್ಣ ಎನ್ನುತ್ತಾರೆ. ಇನ್ನೊಂದರಲ್ಲಿ ಮೂರು ಮೇಜು. ಮೂರನೆಯದರಲ್ಲಿ ನನ್ನನ್ನು ಕೂರಿಸಿದರು. ಯಾರದೆಂದು ಕೇಳಲಿಲ್ಲ.

ಎಂಜಿನಿಯರ್ ಮಗಳ ಜೊತೆ ಓದಿದವಳು. ನನ್ನನ್ನು ಅಂಕಲ್ ಎಂದು ಕರೆದಳು. ಹಾಗೆ ಕರೆಯಬೇಡವೆಂದೆ.

"ಮತ್ತೆ ಏನಂತ ಕರೀಲಿ?"

"ಸರ್ ಎನ್ನಬಹುದು."

"ಸರಿ ಅಂಕಲ್."

ಕೆಲಸವನ್ನು ಸ್ಪಷ್ಟವಾಗಿ ವಿವರಿಸಿದಳು, ಅದನ್ನು ಮೆಚ್ಚಬೇಕು. ಗಿರಾಕಿಗಳು ಹಿಂದೆ ಹುಡುಕಿದ್ದ ಒಂದೊಂದು ಮಾತನ್ನೂ ಕಂಪ್ಯೂಟರ್ ತೆರೆಯ ಮೇಲೆ ತೋರಿಸುತ್ತದೆ. ಅದರ ಕೆಳಗೆ ಹತ್ತು ಸಾಮಾನು. ಆ ಮಾತಿಗೆ ಆ ಸಾಮಾನು ಎಷ್ಟು ಸಮಂಜಸವೆಂದು ಅಂಕ ಕೊಡಬೇಕು: ಕೇಳಿದ್ದೇ ಆದರೆ ಮೂರು, ನಡೆದೀತು ಎಂದರೆ ಎರಡು, ದೂರದ ಸಂಬಂಧಕ್ಕೆ ಒಂದು, ವಿಷಯಾಂತರಕ್ಕೆ ಸೊನ್ನೆ. ಈ ಅಂಕಗಳನ್ನು ನೋಡಿ ಹೊಸ ಹುಡುಕಾಟ ಕಲಿಯುತ್ತದೆ. ಏನೂ ಸಿಗದೆ ಹಿಂತಿರುಗಿದವರ ಹುಡುಕಾಟಕ್ಕೆ ಇಲ್ಲಿ "ಬರಿಗೈ" ಎಂಬ ಹೆಸರಿದೆ. ಇಟ್ಟವಳು ಮಗಳು.

"ಅಂಕ ಕೊಡೋದು ನಿಮಗೆ ಅಭ್ಯಾಸ ಇರತ್ತಲ್ಲ ಅಂಕಲ್. ಚರ್ಚಾಪಟು ಅಂತ ಅವಳು ಹೇಳ್ತಿದ್ಲು. ಮನೇಲಿ ಉಪ್ಪು ಕಡಿಮೆ ಅಂದ್ರೂ ಮೂರು ಪುರಾವೆ ಕೇಳ್ತಾರೆ ಅಂತ."

ಅದು ಅತಿಶಯೋಕ್ತಿ.

ಮಾರ್ಚ್ ೨೧, ಶುಕ್ರವಾರ

ವಾರವಿಡೀ ಅಂಕ ಕೊಟ್ಟೆ. ಕೆಲಸ ನನಗೆ ಒಗ್ಗುತ್ತದೆ. ಕಾಯ್ದೆಗಳ ಕರಡು ಬರೆಯುವ ಕಚೇರಿಯಲ್ಲಿ ನಿವೃತ್ತಿಯವರೆಗೆ ನಾನು ಮಾಡಿದ್ದೂ ಇದನ್ನೇ. ಪದಕ್ಕೆ ವಸ್ತು, ವಸ್ತುವಿಗೆ ಪದ, ನಡುವೆ ಕೂದಲೆಳೆಯ ಸಂದಿಯೂ ಇರಕೂಡದು.

ಆದರೆ ಈ ಗಿರಾಕಿಗಳಿಗೆ ಹುಡುಕುವುದು ಹೇಗೆಂದೇ ಗೊತ್ತಿಲ್ಲ. "ಊರುಗೋಲು" ಎಂದು ಬರೆದವನು ಸರಿ. "ಅಪ್ಪಂಗೆ ಶರ್ಟಿನ ಗುಂಡಿ ಹಾಕ್ಕೊಳಕ್ಕೆ ಆಗ್ತಿಲ್ಲ" ಎಂದು ಬರೆದವನು ಏನು ಕೇಳುತ್ತಿದ್ದಾನೆ? "ಅಜ್ಜಿ ಮಾತ್ರೆ ತಗೊಂಡ್ರಾ ಇಲ್ವಾ ಗೊತ್ತಾಗಲ್ಲ." "ಅಮ್ಮ ಒಬ್ಬರೇ ಇರ್ತಾರೆ." ಇವು ಹುಡುಕಾಟಗಳಲ್ಲ, ಅಹವಾಲುಗಳು. ಮಗಳು ಇಂಥವನ್ನೆಲ್ಲ ಹೆಕ್ಕಿ ಸಾಮಾನುಗಳಿಗೆ ಅಂಟಿಸಿದ್ದಾಳೆ. ಮಾತ್ರೆಯ ಡಬ್ಬಿಗೆ ಹದಿನೈದು ಬಗೆಯ ಗೋಳು ನೇತುಬಿದ್ದಿದೆ. ವ್ಯಾಖ್ಯಾನವೆಂದರೆ ಹೀಗಲ್ಲ.

ಇಂಥ ಮಾತುಗಳ ಕೆಳಗಿನ ಎಲ್ಲ ಸಾಮಾನಿಗೂ ಸೊನ್ನೆ ಕೊಟ್ಟೆ.

ಟೇಪಣ್ಣ ಹಿಂದಿನಿಂದ ಇಣುಕಿ, "ಮೇಷ್ಟ್ರೆ, ನೀವು ಪೇಪರ್ ತಿದ್ದೋದು ನೋಡಿದ್ರೆ ಇಡೀ ಕ್ಲಾಸು ಫೇಲು," ಎಂದ. ನಾನು ಮೇಷ್ಟ್ರಲ್ಲ ಎಂದೆ. "ಹಾಗಾದ್ರೆ ಇನ್ನೂ ಕಷ್ಟ," ಎಂದು ಹೋದ.

ಏಪ್ರಿಲ್ ೨, ಬುಧವಾರ

ಅಂಕ ಕೊಟ್ಟೆ. ಹೆಂಡತಿ ಏಳಲಿಲ್ಲ. ತಟ್ಟೆ ಹಾಗೆಯೇ ಇತ್ತು.

ಏಪ್ರಿಲ್ ೯, ಬುಧವಾರ

ಹೊಸ ಹುಡುಕಾಟದ ಮೊದಲ ಪರೀಕ್ಷೆ. ಎಂಜಿನಿಯರ್ ತೆರೆಯನ್ನು ನನ್ನ ಕಡೆ ತಿರುಗಿಸಿ, ಪೆನ್ನಿನ ಮುಚ್ಚಳ ಕಚ್ಚುತ್ತ ಹೇಳಿದಳು:

"ಇದು ನಿಮ್ಮನ್ನೇ ಕಲಿತಿದೆ ಅಂಕಲ್."

"ಅಂದರೆ?"

"ಹೆಸರು ಸರಿಯಾಗಿ ಹೇಳಿದ್ರೆ ಟಕ್ ಅಂತ ತೋರಿಸತ್ತೆ. ಕಷ್ಟ ಹೇಳ್ಕೊಂಡ್ರೆ ಬಾಯಿ ಮುಚ್ಕೊಂಡು ಕೂರತ್ತೆ."

ಹಳೆಯದಕ್ಕಿಂತ ಇದರಲ್ಲೇ ಬರಿಗೈ ಹೆಚ್ಚು. ತಪ್ಪು ಅಂಕಗಳಲ್ಲಿಲ್ಲ, ಗಿರಾಕಿಗಳ ಭಾಷೆಯಲ್ಲಿದೆ ಎಂದು ವಾದಿಸಿದೆ. ಅವಳು ಪ್ರತಿವಾದ ಮಾಡಲಿಲ್ಲ. ಅಳಿಯ ಕಿಟಕಿಯ ಕಡೆ ನೋಡುತ್ತ, "ಮೇ ತನಕ ಯಾಕೆ ಮಾವ, ಈಗಲೇ ಬಾಗಿಲು ಹಾಕೋಣ," ಎಂದ.

ಎದುರಾಳಿ ಮಾತಾಡದೆ ಕುಳಿತರೆ ಗೆದ್ದಂತಲ್ಲ ಎಂಬುದು ವೇದಿಕೆ ಹತ್ತಿದವರಿಗೆಲ್ಲ ಗೊತ್ತಿರುತ್ತದೆ.

ಏಪ್ರಿಲ್ ೧೧, ಶುಕ್ರವಾರ

ಟೇಪಣ್ಣ ಅಂಚೆಗೆ ಹೋಗಿದ್ದ. ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಎತ್ತಿದೆ.

"ಅಂಗಡಿಯವ್ರಾ? ಒಂದು ಸಾಮಾನು ಬೇಕಿತ್ತು."

"ವಸ್ತುವಿನ ಹೆಸರು ಹೇಳಿ."

"ಅದೇ... ನಮ್ಮಪ್ಪಂಗೆ ಬಲಗೈ ಸ್ವಾಧೀನ ಇಲ್ಲ. ಒಂದೇ ಕೈಲಿ ಗುಂಡಿ ಹಾಕ್ಕೊಳಕ್ಕೆ ಏನೋ ಬರತ್ತಂತೆ."

"ಹೆಸರು?"

"ಹೆಸರು ಗೊತ್ತಿದ್ರೆ ನಿಮಗ್ಯಾಕೆ ಫೋನ್ ಮಾಡ್ತಿದ್ದೆ ಸರ್? ಮುಂಚೆ ಅಲ್ಲೊಬ್ಬರು ಮೇಡಂ ಇರ್ತಿದ್ರು. ಅವರಿಗೆ ಅರ್ಧ ಹೇಳಿದ್ರೆ ಸಾಕಿತ್ತು. ಅವರಿಗೆ ಫೋನ್ ಕೊಡ್ತೀರಾ?"

ಅವರು ಇಲ್ಲ ಎಂದೆ.

"ಯಾವಾಗ ಬರ್ತಾರೆ?"

ತಂತಿಯ ಕೊಕ್ಕೆಗೆ ಮರದ ಹಿಡಿ ಇರುವ ಸಾಧನವೊಂದು ಎರಡನೆಯ ಶೆಲ್ಫಿನಲ್ಲಿತ್ತು. ಅದನ್ನು ಕೈಯಲ್ಲಿ ಹಿಡಿದು, ನನ್ನ ಅಂಗಿಯ ಗುಂಡಿಯೊಂದನ್ನು ಬಿಚ್ಚಿ ಹಾಕಿ ನೋಡಿ, ಹೇಗೆಂದು ಅವನಿಗೆ ಫೋನಿನಲ್ಲೇ ವಿವರಿಸಿದೆ. ಆಮೇಲೆ ತೆರೆಯಲ್ಲಿ ಹುಡುಕಿದರೆ, ಅವನ ಮಾತಿಗೆ ಸೊನ್ನೆ ಕೊಟ್ಟಿದ್ದವನು ನಾನೇ.

ಏಪ್ರಿಲ್ ೧೨, ಶನಿವಾರ

ಅಂಗಡಿಗೆ ರಜೆ. ಆದರೂ ಹೋಗಿ ಕುಳಿತೆ. ಪರೀಕ್ಷೆಗೆಂದು ಹೊಸ ಹುಡುಕಾಟದಲ್ಲಿ ಒಂದು ವಾಕ್ಯ ಬರೆದೆ: "ಹೆಂಡತಿ ಊಟ ಮಾಡುತ್ತಿಲ್ಲ."

"ಏನೂ ಸಿಗಲಿಲ್ಲ" ಎಂದಿತು. ನನ್ನ ಅಂಕಗಳ ಪ್ರಕಾರ ಅದೇ ಸರಿಯಾದ ಉತ್ತರ.

ಹಳೆಯದರಲ್ಲಿ ಅದನ್ನೇ ಬರೆದೆ. ಬಿಸಿ ಆರದ ಬಟ್ಟಲು ಬಂತು. ಅದರ ಹಿಂದೆ, ಹಾಸಿಗೆಯಲ್ಲೇ ಕೂತು ಉಣ್ಣಲು ಮಡಿಲ ಮೇಲಿಡುವ ತಟ್ಟೆ. ಯಾರೋ ಎಂದೋ ಇದೇ ಮಾತು ಬರೆದಿರಬೇಕು, ಅವಳು ಅಂಟಿಸಿದ್ದಾಳೆ.

ಬಟ್ಟಲನ್ನು ಮನೆಗೆ ತಂದೆ. ಬೆಲೆ ಕೊಟ್ಟು ರಸೀದಿ ಹಾಕಿಕೊಂಡಿದ್ದೇನೆ. ಹೆಂಡತಿ ಎರಡು ಚಮಚ ತಿಂದಳು. ಮೂರನೆಯದಕ್ಕೆ ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

ಏಪ್ರಿಲ್ ೧೪, ಸೋಮವಾರ

ಎಲ್ಲ ಅಂಕಗಳನ್ನೂ ಮತ್ತೆ ಕೊಡುತ್ತೇನೆ ಎಂದೆ.

"ಎಲ್ಲಾನೂ?" ಎಂಜಿನಿಯರ್ ಕುರ್ಚಿ ತಿರುಗಿಸಿದಳು. "ಅಂಕಲ್, ಸಾವಿರಗಟ್ಟಲೆ ಇದೆ."

"ಮೇಲ್ಮನವಿ ಸಲ್ಲಿಕೆಯಾಗಿದೆ. ನ್ಯಾಯಾಧೀಶ ಅವನೇ ಆದರೂ ವಿಚಾರಣೆ ಹೊಸದು."

"ಫೀಸು?"

"ಚಹಾ."

ಅವಳು ನಕ್ಕಳು. ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಮರಳಿದಾಗ ಮುಖ ತೊಳೆದಿದ್ದಳು. ಚಹಾ ತಂದಿದ್ದಳು.

ಏಪ್ರಿಲ್ ೨೨, ಮಂಗಳವಾರ

"ಅಮ್ಮ ಒಬ್ಬರೇ ಇರ್ತಾರೆ." ಕರೆಗಂಟೆಗೆ ಮೂರು. ಜಾರದ ಕಾಲುಹಾಸಿಗೆ ಎರಡು. ಊರುಗೋಲಿಗೆ ಒಂದು, ಅಮ್ಮ ನಡೆಯುತ್ತಾರೋ ಇಲ್ಲವೋ ತಿಳಿಯದು. ಈ ಒಂದು ಸಾಲಿಗೆ ಬೆಳಗಿನ ಅರ್ಧ ಹೊತ್ತು ಹೋಯಿತು.

ಹೆಂಡತಿ ಅರ್ಧ ಬಟ್ಟಲು.

ಏಪ್ರಿಲ್ ೨೮, ಸೋಮವಾರ

ಹೊಸದನ್ನು ನಿಜವಾದ ಗಿರಾಕಿಗಳ ಮುಂದೆ ಇಡುವ ದಿನ. ಪದ್ಧತಿ ಹೀಗೆ: ಬಂದವರಲ್ಲಿ ಅರ್ಧ ಜನಕ್ಕೆ ಹಳೆಯ ಹುಡುಕಾಟ, ಅರ್ಧ ಜನಕ್ಕೆ ಹೊಸದು. ಯಾರು ಯಾವ ಅರ್ಧಕ್ಕೆ ಬಿದ್ದರೆಂದು ಅವರಿಗೆ ಗೊತ್ತಾಗುವುದಿಲ್ಲ. ಎರಡರಲ್ಲಿ ಯಾವುದು ಕಡಿಮೆ ಜನರನ್ನು ಬರಿಗೈಯಲ್ಲಿ ಕಳಿಸುತ್ತದೋ ಅದು ಗೆದ್ದಂತೆ, ಸೋತದ್ದನ್ನು ನಿಲ್ಲಿಸುವುದು. ಇದಕ್ಕಿಂತ ನ್ಯಾಯವಾದ ಚರ್ಚಾಕೂಟವನ್ನು ನಾನು ಕಂಡಿಲ್ಲ.

ಮಗಳ ಪದಗಳನ್ನು ಎಂಜಿನಿಯರ್ ಹೊಸದಕ್ಕೂ ಓದಿಸಿದ್ದಾಳಂತೆ. "ಆದ್ರೆ ಅದು ಓದಿಕೊಂಡು ತನಗೆ ತೋಚಿದ ಉತ್ತರ ಕೊಡತ್ತೆ. ಹಳೇದ್ರಲ್ಲಿ ಮಾತ್ರ ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಾ ಅವಳು ಇಟ್ಟಿದ್ದೇ."

ನಿಲ್ಲಿಸುವ ಗುಂಡಿ ಯಾವುದೆಂದು ನಮಗಿಬ್ಬರಿಗೂ ತೋರಿಸಿದಳು. ಅಳಿಯ ಅದನ್ನು ನೋಡಲಿಲ್ಲ. ಇವತ್ತು ಗಡ್ಡ ಬೋಳಿಸಿಕೊಂಡು ಬಂದಿದ್ದ.

ಮೇ ೬, ಮಂಗಳವಾರ

ಹೊಸ ಅರ್ಧ ಗೆದ್ದಿದೆ. ಅಲ್ಪ ಅಂತರದಿಂದಲ್ಲ. ಅದರಲ್ಲಿ ಬರಿಗೈ ಹಳೆಯದರ ಅರ್ಧಕ್ಕಿಂತ ಕಡಿಮೆ. ಅಂಗಡಿ ಮುಚ್ಚುವ ಮಾತನ್ನು ಅಳಿಯ ಎತ್ತಲಿಲ್ಲ.

"ಇನ್ನೊಂದು ವಾರ ಓಡಿಸೋಣ," ಎಂದಳು ಎಂಜಿನಿಯರ್. "ಲೆಕ್ಕ ಗಟ್ಟಿಯಾಗ್ಲಿ."

"ಹೌದು, ಒಂದು ವಾರ," ಎಂದ ಅಳಿಯ.

ನಾನು ಆಕ್ಷೇಪಿಸಲಿಲ್ಲ.

ಮೇ ೧೨, ಸೋಮವಾರ

ಮತ್ತೊಂದು ವಾರ ಎಂದರು. ಲೆಕ್ಕ ಕಲ್ಲಿನಷ್ಟು ಗಟ್ಟಿಯಾಗಿದೆ. ನಾನೂ ತಲೆಯಾಡಿಸಿದೆ.

ನನ್ನ ಮೇಜಿನ ಕಂಪ್ಯೂಟರ್ ಹಳೆಯ ಅರ್ಧಕ್ಕೆ ಬಿದ್ದಿದೆ. ದಿನಾ ಬೆಳಿಗ್ಗೆ ಬಂದ ಕೂಡಲೇ ಪರೀಕ್ಷೆಗೆಂದು ಒಂದೆರಡು ಹುಡುಕಾಟ ಮಾಡುತ್ತೇನೆ. "ಕನ್ನಡಕ ಎಲ್ಲಿಟ್ಟೆ ನೆನಪಿಲ್ಲ" ಎಂದರೆ ಕೊರಳಿಗೆ ನೇತುಹಾಕುವ ದಾರ ಬರುತ್ತದೆ. "ಮೆಟ್ಟಿಲು ಹತ್ತಿದರೆ ಏದುಸಿರು" ಎಂದರೆ, ಮಡಚುವ ಪುಟ್ಟ ಕುರ್ಚಿ. ನಡುವೆ ಕೂತು ಸುಧಾರಿಸಿಕೊಳ್ಳಲು. ಇವತ್ತು "ಮಾತಾಡಲು ಯಾರೂ ಇಲ್ಲ" ಎಂದು ಬರೆದೆ. ದೊಡ್ಡ ಅಂಕಿಗಳ ಫೋನು ಬಂತು. ಅದು ಸಮಂಜಸವೋ ಅಲ್ಲವೋ ತೀರ್ಮಾನಿಸಲಿಲ್ಲ. ಅಂಕ ಕೊಡಲಿಲ್ಲ.

ಅಳಿಯ ತನ್ನ ಮೇಜಿನಲ್ಲಿ ಇದನ್ನೇ ಮಾಡುತ್ತಾನೆ. ನಾನು ಆ ಕಡೆ ಹೋದರೆ ಪುಟ ಬದಲಿಸುತ್ತಾನೆ. ನಾನೂ ಹಾಗೆಯೇ.

ಹೆಂಡತಿ ತಾನಾಗಿಯೇ ಎದ್ದು, ಅಡುಗೆಮನೆಯಲ್ಲಿ ನಿಂತು ಉಂಡಳು. "ಇವತ್ತು ಅಂಗಡೀಲಿ ಏನಾಯ್ತು?" ಎಂದು ಕೇಳಿದಳು. ಮಡಚುವ ಕುರ್ಚಿಯ ವಿಷಯ ಹೇಳಿದೆ. "ಅದು ನನಗೋಸ್ಕರ ಹುಡುಕಿ ತರಿಸಿದ್ದು ಅವಳು, ಗೊತ್ತಾ?" ಎಂದಳು. ಗೊತ್ತಿರಲಿಲ್ಲ.

ಮೇ ೧೪, ಬುಧವಾರ

ಮಧ್ಯಾಹ್ನ ಒಬ್ಬ ಹೆಂಗಸಿನ ಫೋನ್.

"ನಿಮ್ಮಲ್ಲಿ ಹಾಸಿಗೆ ಪಕ್ಕ ನೆಲಕ್ಕೆ ಹಾಸೋದು ಒಂದಿದೆಯಂತಲ್ಲ. ಕಾಲಿಟ್ಟ ತಕ್ಷಣ ಪಕ್ಕದ ರೂಮಲ್ಲಿ ಗಂಟೆ ಹೊಡೆಯತ್ತಂತೆ."

"ಇದೆ."

"ಹೋದ ವಾರ ಹುಡುಕಿದ್ನಲ್ಲ. ಅಮ್ಮ ಎದ್ದಿದ್ದು ಗೊತ್ತಾಗಲ್ಲ ಅಂತ ಬರೆದೆ. ಏನೂ ಇಲ್ಲ ಅಂತ ಬಂತು. ನಮ್ಮ ಪಕ್ಕದ ಮನೆಯವರು ಅದೇ ದಿನ ನಿಮ್ಮಲ್ಲೇ ತರಿಸಿಕೊಂಡಿದ್ದಾರೆ. ನಾನು ಇವತ್ತು ನೋಡಿದೆ ಅವರ ಮನೇಲಿ."

ಆ ಸಾಮಾನು ಬಂದದ್ದು ಮಾರ್ಚ್‌ನಲ್ಲಿ. ಹಳೆಯ ಅರ್ಧಕ್ಕೆ ಅದು ಇರುವುದೇ ಗೊತ್ತಿಲ್ಲ. ಯಾರೂ ಅದಕ್ಕೆ ಪದ ಅಂಟಿಸಿಲ್ಲ. ಮಗಳು ಅಂಟಿಸಿಟ್ಟ ಕಡೆ ಇನ್ನೊಬ್ಬರ ಕೈ ಬೇಡ ಎಂದು ಅಳಿಯ ಕಟ್ಟುನಿಟ್ಟಾಗಿ ಹೇಳಿದ್ದಾನೆ. ಪಕ್ಕದ ಮನೆಯವರು ಹೊಸ ಅರ್ಧಕ್ಕೆ ಬಿದ್ದಿದ್ದರು. ಇವಳು ಹಳೆಯದಕ್ಕೆ.

ಇವತ್ತೇ ಕಳಿಸುತ್ತೇವೆ ಎಂದೆ.

"ಈಗ ಅವಸರ ಇಲ್ಲ ಬಿಡಿ. ಭಾನುವಾರ ಬಿದ್ದರು. ಸೊಂಟ ಮುರಿದಿದೆ, ಆಸ್ಪತ್ರೇಲಿದ್ದಾರೆ. ಮನೆಗೆ ಬಂದ ಮೇಲೆ ಬೇಕಾಗತ್ತೆ." ಬೈಯಲಿಲ್ಲ. ವಿಳಾಸವನ್ನು ನಿಧಾನವಾಗಿ, ನಾನು ಬರೆದುಕೊಳ್ಳುವಷ್ಟು ಬಿಡಿಸಿ ಹೇಳಿದಳು.

ಭಾನುವಾರ. ಹೊಸ ಅರ್ಧ ಗೆದ್ದದ್ದು ನಮಗೆ ತಿಳಿದ ಮೇಲಿನ ದಿನ ಅದು.

ಮೇ ೧೫, ಗುರುವಾರ

ಸಂಜೆ ಅಳಿಯನನ್ನೂ ಎಂಜಿನಿಯರನ್ನೂ ಮನೆಗೆ ಕರೆದೆ. ಫೋನಿನ ಸಂಗತಿ ಹೇಳಿ, ಪರೀಕ್ಷೆ ಮುಗಿಸೋಣ ಎಂಬ ಸೂಚನೆ ಮಂಡಿಸಿದೆ.

ಅಳಿಯ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. "ಸಣ್ಣ ಪಾಲು ಮಾಡೋಣ ಮಾವ. ಅರ್ಧ ಬೇಡ. ನೂರಕ್ಕೆ ಐದು ಜನಕ್ಕೆ ಮಾತ್ರ ಹಳೇದು."

"ಆ ಐವರು ಯಾರು?"

"ಯಾರೋ."

"ಅವರ ತಾಯಿ ಬೀಳಬಹುದೆ?"

"ನೀವು ಚರ್ಚೆಗೆ ನಿಂತ್ರೆ ಯಾರಿಗೆ ಗೆಲ್ಲೋಕಾಗತ್ತೆ?" ಎಂದ. ಧ್ವನಿ ಎತ್ತರಿಸಿರಲಿಲ್ಲ. "ನನಗೆ ಗೊತ್ತು ಮಾವ, ಅದು ಸರಿಯಿಲ್ಲ ಅಂತ. ಆದ್ರೆ ಈಗ ದಿನಕ್ಕೆ ಇಷ್ಟು ಜನರ ಜೊತೆ ಅವಳು ಮಾತಾಡ್ತಾಳೆ. ಅವರಿಗೆ ಉತ್ತರ ಕೊಡ್ತಾಳೆ. ನಾಳೆಯಿಂದ ಯಾರ ಜೊತೇನೂ ಇಲ್ಲ."

ಎಂಜಿನಿಯರ್ ಕಡೆ ತಿರುಗಿದೆ. "ನನ್ನನ್ನ ಕೇಳಬೇಡಿ ಅಂಕಲ್. ನಾನು ದಿನಾ ಆ ಗುಂಡಿವರೆಗೂ ಹೋಗಿ ವಾಪಸ್ ಬರ್ತೀನಿ."

ಹೆಂಡತಿ ನೀರಿನ ಜಗ್ಗು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಇನ್ನೊಂದು ವಾರ ಇರಲಿ ರೀ," ಎಂದಳು. "ಒಂದೇ ವಾರ."

ಸೂಚನೆಯನ್ನು ಮತಕ್ಕೆ ಹಾಕಲಿಲ್ಲ. ಊಟ ಮಾಡಿದೆವು. ನಾಲ್ವರೂ ಒಂದೇ ಮೇಜಿಗೆ ಕುಳಿತು ಉಂಡದ್ದು ಇದೇ ಮೊದಲು.

ಮೇ ೧೬, ಶುಕ್ರವಾರ

ಟೈರು ಅಂಗಡಿಯ ಬಾಗಿಲು ತೆಗೆಯುವ ಮುನ್ನ ಬಂದು ಕುಳಿತಿದ್ದೇನೆ. ಹೆಂಡತಿಗೆ ಹತ್ತು ಗಂಟೆಗೆ ಇಲ್ಲಿಗೆ ಬರಲು ಹೇಳಿದ್ದೇನೆ. ಅವಳು ಬರುವುದು ಫೆಬ್ರವರಿಯ ನಂತರ ಇದೇ ಮೊದಲ ಬಾರಿ. ಟೇಪಣ್ಣ ಕುರ್ಚಿಗಳನ್ನು ಸಾಲಾಗಿ ಇಟ್ಟಿದ್ದಾನೆ. ಯಾಕೆಂದು ಕೇಳಲಿಲ್ಲ.

ಮೊದಲು ಒಂದು ಹುಡುಕಾಟ ಮಾಡಿದೆ. ಇದು ಪರೀಕ್ಷೆಯಲ್ಲ. ಬರೆದದ್ದನ್ನು ಇಲ್ಲಿ ನಮೂದಿಸುವುದಿಲ್ಲ. ಬಂದ ಉತ್ತರವನ್ನು ಕೊನೆಯವರೆಗೂ ಓದಿದೆ.

ಅವರು ಬಂದ ಮೇಲೆ ಹೇಳಲಿರುವುದು ಇಷ್ಟು:

"ನಿನ್ನೆ ನಾನು ಮಂಡಿಸಿದ ಸೂಚನೆಯನ್ನು ಹಿಂತೆಗೆದುಕೊಂಡಿದ್ದೇನೆ. ಅದರ ಅಗತ್ಯ ಉಳಿದಿಲ್ಲ. ಇವತ್ತು ಬೆಳಿಗ್ಗೆ ನಾನೊಬ್ಬನೇ ಕುಳಿತು ಹಳೆಯ ಅರ್ಧವನ್ನು ನಿಲ್ಲಿಸಿದ್ದೇನೆ. ಈಗ ಬರುವ ಎಲ್ಲರಿಗೂ ಹೊಸದೇ ಉತ್ತರ ಕೊಡುತ್ತದೆ. ಅಂಗಡಿ ಮುಚ್ಚುವುದಿಲ್ಲ. ಇದರ ಬಗ್ಗೆ ನಿಮ್ಮ ಯಾರ ಅಭಿಪ್ರಾಯವನ್ನೂ ನಾನು ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ವಾರ ಎನ್ನುತ್ತಿದ್ದಿರಿ, ಮತ್ತು ನಾನು ಒಪ್ಪಿಬಿಡುತ್ತಿದ್ದೆ."